ಕನಸಿನ ತಾಲೀಮು

ಅಳವಂಡಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿರುವ ದೇವೇಂದ್ರಪ್ಪ ನಮ್ಮ ದೊಡ್ಡಾಟದ ಖಾಯಂ ರಕ್ಕಸ. ಬಣ್ಣ ಹಚ್ಚಿ ಒಮ್ಮೆ ಗುಡುಗಿದನೆಂದರೆ ಮುಂದೆ ಕೂತ ಹುಡುಗರು ಅವ್ವಂದಿರ ಸೆರಗಿನೊಳಗೆ ಸೇರಿಬಿಡುತ್ತಾರೆ. ಇಂಥ ಆಸಾಮಿ ನಿದ್ದೆಗೆ ಹೆದರುತ್ತಿದ್ದ ಎಂದರೆ ಯಾರು ನಂಬಿಯಾರು? ನಾನು ಆಟಕ್ಕೆ ಹಾರ್ಮೋನಿಯಂ ಪೆಟ್ಟಿಗೆ ಬಾರಿಸುವವನು, ಅವನ ಮಗ್ಗುಲ ಮನೆಯವನು. ಅವನ ಚೀರಾಟ ಗೋಡೆ ದಾಟಿ ಬರುತ್ತಿದ್ದುದರಿಂದ ನಂಬಲೇಬೇಕಾಯಿತು.

ಶುರುವಾದದ್ದು ಗಂಗಾವತಿಯಲ್ಲಿ. ಮದುವೆಯೊಂದರ ಊಟ ಮುಗಿಸಿ, ಹೆಂಡತಿ ಕಳಕಮ್ಮನನ್ನು ಹಿಂದೆ ಕೂರಿಸಿಕೊಂಡು ಕಾಲುವೆ ದಂಡೆಯ ಮೇಲೆ ಗಾಡಿ ಓಡಿಸುತ್ತಿದ್ದ. ಎಮ್ಮೆಯೊಂದು ಅಡ್ಡ ಬಂತು, ಗಾಡಿ ಸಮೇತ ಇಬ್ಬರೂ ನೀರಿಗೆ ಬಿದ್ದರು. ಗದ್ದೆಯ ಆಳುಗಳು ಓಡಿ ಬರುವಷ್ಟರಲ್ಲಿ ಇಬ್ಬರೂ ದಂಡೆಯ ಮೇಲಿದ್ದರು. ದೇವೇಂದ್ರಪ್ಪನ ಮೈಕಟ್ಟು ನೋಡಿದವರು ಹೆಂಡತಿಯನ್ನು ಇವನೇ ಎತ್ತಿ ತಂದನೆಂದು ತೀರ್ಮಾನಿಸಿ ಬೆನ್ನು ಚಪ್ಪರಿಸಿದರು. ತಲೆಗೆ ಪೆಟ್ಟು ಬಿದ್ದು, ನೀರು ಕುಡಿದು ಮಂಕಾಗಿದ್ದ ಅವನೂ ಹಾಗೆಯೇ ನಂಬಿದ. ಅವನಿಗೆ ನೆನಪಿದ್ದದ್ದು ಒಂದೇ, ನೀರೊಳಗೆ ಅವಳ ಕೈ ಜಾರಿದ್ದು.

ಅದೇ ಕನಸಾಗಿ ಬೆನ್ನು ಹತ್ತಿತು. ಕನಸಿನಲ್ಲಿ ಅವಳ ಕೈ ಜಾರುತ್ತಿತ್ತು, ಅವಳು ಮುಳುಗುತ್ತಿದ್ದಳು. ಇವನು ನಿದ್ದೆಯಲ್ಲೇ ಪಕ್ಕದಲ್ಲಿದ್ದ ಅವಳ ಮುಂಗೈ ಹಿಡಿದು ಹಿಂಡುತ್ತಿದ್ದ. ಬೆಳಿಗ್ಗೆ ನೋಡಿದರೆ ಬಳೆ ಚೂರು, ಮುಂಗೈ ಕಂದು. ಅವಳ ಅಣ್ಣ ಕುಷ್ಟಗಿಯಿಂದ ಬಂದು, ತಂಗಿಯ ಕೈ ನೋಡಿ, ಬೇರೆ ಏನೋ ತಿಳಿದುಕೊಂಡು ಎಗರಾಡಿ ಹೋದ. ಅಂದಿನಿಂದ ದೇವೇಂದ್ರಪ್ಪ ಹಾಸಿಗೆ ಸುತ್ತಿಕೊಂಡು ಗಿರಣಿಯಲ್ಲಿ ಮಲಗತೊಡಗಿದ. ಕಂಡ ಕನಸನ್ನು ಕಳಕಮ್ಮನಿಗೆ ಮಾತ್ರ ಹೇಳಲಿಲ್ಲ, ಹೇಳಿದರೆ ನಿಜವಾದೀತೆಂಬ ಭಯ. ಅವಳು ಮನೆಗೆ ಬಾ ಎಂದಳು, ಅವನು ಒಲ್ಲೆ ಎಂದ. ಊಟಕ್ಕೆ ಮನೆ, ನಿದ್ದೆಗೆ ಗಿರಣಿ, ವರ್ಷಗಟ್ಟಲೆ ಇದೇ ಬಾಳು.

2014ರಲ್ಲಿ ಕೆಟ್ಟ ಕನಸು, ನಿದ್ದೆಗೇಡಿನ ಮೇಲೆ ಸಂಶೋಧನೆ ಮಾಡುವ ಅಮೃತಾ ಎಂಬ ಡಾಕ್ಟರು ಊರಿಗೆ ಬಂದರು. ಕೈ ಹಿಡಿದು ಎಳೆದುಕೊಂಡು ನಾನೇ ಅವನನ್ನು ಕರೆದೊಯ್ದೆ.

“ಒಂದs ಕನಸು ಮತ್ತ ಮತ್ತ ಬೀಳೂದು ಮಿದುಳಿಗೆ ಹತ್ತಿದ ಚಟ ಇದ್ದಂಗರಿ,” ಎಂದರು ಅವರು. “ಎಚ್ಚರಿದ್ದಾಗ ಅದರ ಕಡೀಭಾಗ ನಿಮಗ ಬೇಕಾದಂಗ ಬದಲಿ ಮಾಡ್ರಿ. ದಿನಾ ಕಣ್ಣು ಮುಚ್ಚಿ, ಒಬ್ಬರs ಕುಂತು, ಮನಸಿನ್ಯಾಗ ಅದನ್ನ ನಡಸ್ರಿ. ಭಾಳ ಮಂದಿಗೆ ಕಡಿಮಿ ಆಗೇತಿ. ನಿಮಗೂ ಆಗ್ತೈತೋ ಇಲ್ಲೋ ನೋಡೂದs ನಮ್ಮ ಕೆಲಸ.”

ದೇವೇಂದ್ರಪ್ಪ ಕಣ್ಣು ಮುಚ್ಚಿದರೆ ಬರುತ್ತಿದ್ದದ್ದು ಕಾಲುವೆಯೇ. “ಒಬ್ಬನs ಕುಂತು ಯಾವ ಆಟ ಕಲ್ತೇನೋ ನಾನು?” ಎಂದು ನನ್ನ ಮೇಲೇ ಹರಿಹಾಯ್ದು, ಮೇಳದವರನ್ನೆಲ್ಲ ಸಂಜೆ ಗಿರಣಿಯ ಅಂಗಳಕ್ಕೆ ಕರೆಸಿದ. ಸ್ತ್ರೀಪಾತ್ರದ ಪಂಪಣ್ಣ ಕಳಕಮ್ಮನಾದ. ಜೋಳದ ಚೀಲಗಳು ದಂಡೆಯಾದವು. ಪಂಪಣ್ಣ “ಪ್ರಾಣಕಾಂತಾ, ಕಾಪಾಡು” ಎಂದು ಗೋಳಿಡುವುದು, ದೇವೇಂದ್ರಪ್ಪ ಧುಮುಕಿ ಅವನನ್ನು ಹೊತ್ತು ತರುವುದು, ನಾನು ಪೆಟ್ಟಿಗೆ ಬಾರಿಸುವುದು. ವಾರ ಕಳೆದರೂ ಕನಸು ಕದಲಲಿಲ್ಲ. ಹಿಡಿತವೇ ಇನ್ನಷ್ಟು ಬಿಗಿಯಾಗಿ, ನಿದ್ದೆಗಣ್ಣಲ್ಲಿ ಯಾರದೋ ಹಿಟ್ಟಿನ ಚೀಲ ಹರಿದಿಟ್ಟ.

ಗಿರಣಿಯಲ್ಲಿ ಏನೋ ಆಟ ನಡೆದಿದೆ ಎಂದು ಊರೆಲ್ಲ ಮಾತಾಡಿಕೊಳ್ಳುವುದನ್ನು ಕೇಳಿ ಕಳಕಮ್ಮ ಒಂದು ಸಂಜೆ ಚಾ ತರುವ ನೆಪದಲ್ಲಿ ಬಂದಳು. ಪಂಪಣ್ಣನ ಗೋಳಾಟ ನೋಡುತ್ತ ನಿಂತಳು. ಗಂಡನ ಕನಸು ಏನೆಂದು ಅವಳಿಗೆ ತಿಳಿದದ್ದೇ ಆಗ. ಕಿಟಲಿ ಕೆಳಗಿಟ್ಟಳು.

“ಸಾಕು ಬಿಡಪಾ ಪಂಪಣ್ಣ. ನಾ ಅವತ್ತ ಅಳಲಿಲ್ಲ, ಯಾರನ್ನೂ ಕರೀಲಿಲ್ಲ. ಅರಿವಿ ಒಗಿಯೋ ಕಲ್ಲಿನ ಪಾವಟಿಗಿ ಕೈಗೆ ಸಿಕ್ತು, ಮೆಟ್ಲ ಹತ್ತಿ ಬಂದೆ. ಮುಣುಗಾಕ ಹತ್ತಿದಾವ್ರು ಇವರು. ಸೆರಗು ಒಗದು ಎಳಕೊಂಡಾಕಿ ನಾನು.”

ಪೆಟ್ಟಿಗೆಯ ಮೇಲಿನ ನನ್ನ ಕೈ ನಿಂತಿತು.

“ಇಷ್ಟು ದಿನ ಯಾಕ ಹೇಳಲಿಲ್ಲ?” ಎಂದ ದೇವೇಂದ್ರಪ್ಪ.

“ಮಂದಿ ನಿಮ್ಮ ಬೆನ್ನ ಚಪ್ಪರಸಾಕ ಹತ್ತಿದ್ರು. ನಿಮ್ಮ ಮಾನ ನಾ ಯಾಕ ಕಳೀಲಿ? ಇದs ಚಿಂತ್ಯಾಗ ನಿದ್ದಿ ಬಿಟ್ಟೀರಿ ಅಂತ ಗೊತ್ತಿದ್ರ ಅವತ್ತs ಹೇಳ್ತಿದ್ದೆ.”

ರಕ್ಕಸ ಚೀಲದ ಮೇಲೆ ಕುಸಿದು ಕೂತು ಅತ್ತ. ಹೊತ್ತು ತಂದವನೆಂಬ ಹೆಗ್ಗಳಿಕೆ ಹೋಯಿತೆಂದಲ್ಲ. ಅವಳ ಕೈ ಜಾರಿದ್ದು ಮುಳುಗಲಿಕ್ಕಲ್ಲ, ಮೇಲೆ ಹತ್ತಲಿಕ್ಕೆ ಎಂದು ತಿಳಿದು ಅತ್ತ. ನನಗೂ ಕಣ್ಣು ತುಂಬಿದವು, ಹೇಳಲು ನಾಚಿಕೆಯಿಲ್ಲ.

ಮರುದಿನದಿಂದ ಪಂಪಣ್ಣನ ಪಾತ್ರ ಹೋಯಿತು, ಅವನು ಮುಖ ಊದಿಸಿಕೊಂಡ. ಕಳಕಮ್ಮ ತಾನೇ ಸೆರಗು ಬೀಸಿ ಗಂಡನನ್ನು ಎಳೆಯತೊಡಗಿದಳು, ಗಾಡಿ ಜೋರು ಓಡಿಸಿದ್ದಕ್ಕೆ ಬೈಗುಳವನ್ನೂ ಸೇರಿಸಿ. ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ದೇವೇಂದ್ರಪ್ಪ ಓಡಿ ಬಂದ. ಕನಸು ಬಿದ್ದಿತ್ತಂತೆ, ಕೈ ಜಾರಿತ್ತಂತೆ, ತಿರುಗಿ ನೋಡಿದರೆ ಅವಳು ದಂಡೆಯ ಮೇಲೆ ಕೂತು ಸೀರೆ ಹಿಂಡುತ್ತ ಬೈಯುತ್ತಿದ್ದಳಂತೆ. ಬೈಸಿಕೊಂಡು ಇಷ್ಟು ಖುಷಿಪಟ್ಟ ಗಂಡಸನ್ನು ನಾನು ಬೇರೆ ಕಂಡಿಲ್ಲ. ಅದೇ ವಾರ ಹಾಸಿಗೆ ಮನೆಗೆ ಮರಳಿತು.

ಡಾಕ್ಟರು ಮತ್ತೆ ಬಂದಾಗ ಎಲ್ಲ ಕೇಳಿ ನಕ್ಕರು. ಆದರೆ ಹೇಳಿದಂತೆ ಮಾಡದೆ ಮೇಳ ಕಟ್ಟಿಕೊಂಡು ಮಾಡಿದ್ದರಿಂದ ಇವನನ್ನು ಸಂಶೋಧನೆಗೆ ಸೇರಿಸಲು ಬರುವುದಿಲ್ಲ ಎಂದರು. ನನಗೆ ಸಿಟ್ಟು ಬಂತು. ಆಮೇಲೆ ಅವರದೂ ಸರಿ ಎನಿಸಿತು. ಕನಸು ತಾಲೀಮಿಗೆ ಬದಲಾಯಿತೋ ಕಳಕಮ್ಮನ ಮಾತಿಗೋ, ಯಾರು ಬಲ್ಲರು?

ಹೊರಡುವಾಗ ಅವರು ಕಳಕಮ್ಮನನ್ನು ಕೇಳಿದರು, “ಈಗ ನಿದ್ದ್ಯಾಗ ಕೈ ಹಿಡಿಯೂದಿಲ್ಲಲ್ರೀ?”

“ಇಲ್ರೀ, ಅವರು ಹಿಡಿಯೂದಿಲ್ಲ,” ಎಂದಳು ಕಳಕಮ್ಮ. “ನಾನs ಹಿಡಕೊಂಡು ಮಲಗ್ತೀನಿ.”