ಅಜ್ಜಿ ಬಿಟ್ಟಿಟ್ಟ ಮಾತ್ರೆಗಳು

ಅಜ್ಜಿ ಹೊಸಕೆರೆಹಳ್ಳಿಯ ನನ್ನ ಬಾಡಿಗೆ ಕೋಣೆಯಲ್ಲಿ ಇದ್ದದ್ದು ತೊಂಬತ್ತೊಂದು ದಿನ. ಆ ದಿನಗಳ ಡೈರಿಯನ್ನು ಈಗಲೂ ಆಗಾಗ ತೆರೆಯುತ್ತೇನೆ. ಪ್ರತಿ ಪುಟದ ತಲೆಯಲ್ಲಿ ಅವತ್ತು ಎಷ್ಟನೇ ದಿನ ಎಂದು ಬರೆದಿದೆ. ಅದರ ಕೆಳಗೆ ಎರಡು ಗೀಟು: ಬೆಳಿಗ್ಗೆ ಒಂದು ಕಬ್ಬಿಣಾಂಶದ ಮಾತ್ರೆ, ಸಂಜೆ ಒಂದು. ಮೊದಲ ಮೂವತ್ತು ಪುಟಗಳ ಗೀಟುಗಳು ಪೂರ್ತಿ ನಿಜವಲ್ಲ. ನಾನು ಮಾತ್ರೆ ಕೊಟ್ಟದ್ದನ್ನೇ ಅವಳು ನುಂಗಿದ್ದೆಂದು ಬರೆದುಕೊಂಡಿದ್ದೆ.

ನಾವು ಕಾಡಿನ ಸೋಲಿಗರು. ನನ್ನನ್ನು ಸಾಕಿದವಳು ಅಜ್ಜಿ. ನಾನು ಓದು ಮುಗಿಸಿ ಜಯನಗರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸಕ್ಕೆ ಸೇರಿದ ಎರಡನೇ ವರ್ಷ, ಅವಳ ಗರ್ಭಕೋಶ ಕೆಳಗೆ ಜಾರಿದೆ ಎಂದು ತಿಳಿಯಿತು. ಅದನ್ನು ಯಾರಿಗೂ ಹೇಳದೆ ವರ್ಷಗಟ್ಟಲೆ ಬಟ್ಟೆ ಬಿಗಿದುಕೊಂಡು ನಡೆದಿದ್ದಳು. ಹತ್ತು ಹೆಜ್ಜೆಗೊಮ್ಮೆ ಕೂರುವಂತಾದಾಗ ಮಾವ ಅವಳನ್ನು ಬಸ್ಸು ಹತ್ತಿಸಿ ನನ್ನ ಬಳಿ ಕಳಿಸಿದ.

ಆಪರೇಷನ್ ಮಾಡಬಹುದು ಎಂದರು ಡಾಕ್ಟರ್ ಮೇಡಂ. ಆದರೆ ಹಿಮೋಗ್ಲೋಬಿನ್ ಏಳೂವರೆ ಇತ್ತು. "ಹತ್ತಕ್ಕೆ ಬರದೆ ನಾನು ಕೈ ಹಾಕಲ್ಲಮ್ಮ. ಏನ್ ತಿಂತಾರೆ ಇವರು?"

"ರೇಷನ್ ಅನ್ನ, ಟೀ," ಎಂದೆ.

ಅಜ್ಜಿ ಮಧ್ಯೆ ಬಾಯಿ ಹಾಕಿದಳು. "ಈಗ ಅದು ಕನವ್ವ. ಮುಂಚೆ ಏನ್ ತಿಂತಿದ್ದೆ ಅಂತ ಕೇಳಿ, ಹೇಳ್ತೀನಿ."

ಮೇಡಂಗೆ ಕೇಳಲು ಪುರುಸೊತ್ತಿರಲಿಲ್ಲ. ನಾನು ಕೇಳಿದೆ. ಸಂಜೆ ಕೆಲಸದಿಂದ ಬಂದು ಸೊಪ್ಪು ಬಿಡಿಸುತ್ತಾ ಅವಳು ಹೇಳಿದ್ದನ್ನೆಲ್ಲ ಬರೆದುಕೊಂಡೆ. ಹನ್ನೆರಡನೇ ದಿನಕ್ಕೆ ಪಟ್ಟಿಯಲ್ಲಿ ಮೂವತ್ತೊಂದು ಸೊಪ್ಪು, ಒಂಬತ್ತು ಗೆಣಸು, ನಾಲ್ಕು ಬಗೆಯ ಜೇನು ಸೇರಿದ್ದವು. ನಾನು ತಿಂದವುಗಳ ಮುಂದೆ ಚುಕ್ಕೆ ಇಟ್ಟೆ. ಒಟ್ಟು ಏಳು ಚುಕ್ಕೆ.

ಚುಕ್ಕೆಗಳು ಯಾಕೆ ಕಮ್ಮಿ ಎಂಬುದನ್ನೂ ಅವಳೇ ಹೇಳಿದಳು. ಬಿಳಿ ದೊರೆಗಳು ಕಾಡಿಗೆ ಗೆರೆ ಎಳೆದು, ಒಳಗಿದ್ದವರನ್ನೇ ಕಳ್ಳರೆಂದರು. ಬೇಸಗೆಗೆ ಮುಂಚೆ ತರಗೆಲೆಗೆ ಸಣ್ಣ ಬೆಂಕಿ ಇಡುವುದು ನಮ್ಮವರ ರೂಢಿ. ಅದರಿಂದ ಪೊದೆ ಸುಟ್ಟು ಹೊಸ ಸೊಪ್ಪು, ಹುಲ್ಲು ಚಿಗುರುತ್ತಿತ್ತು. ಅದು ಅಪರಾಧವಾಯಿತು. ದೊರೆಗಳು ಹೋದರೂ ಗೆರೆ ಹೋಗಲಿಲ್ಲ. ಅಜ್ಜಿ ಮೊದಲ ಸಲ ಬಸುರಿಯಾಗಿದ್ದಾಗ ಇಡೀ ಪೋಡನ್ನೇ, ಅಂದರೆ ನಮ್ಮ ಹಾಡಿಯನ್ನೇ, ರಸ್ತೆ ಬದಿಯ ಕಾಲೊನಿಗೆ ಇಳಿಸಿದರು. ದೊರೆಸಾನಿಯರ ಹೂದೋಟಕ್ಕೆಂದು ಬಂದ ಲಂಟಾನ ಗಿಡ ಬೆಂಕಿಯಿಲ್ಲದ ಕಾಡನ್ನು ತುಂಬಿಕೊಂಡಿತು.

ಒಂದು ಭಾನುವಾರ ಗಿರಿನಗರದ ಕಡೆ ಅವಳನ್ನು ಮೆಲ್ಲಗೆ ನಡೆಸಿಕೊಂಡು ಹೋಗುವಾಗ ಖಾಲಿ ಸೈಟೊಂದರಲ್ಲಿ ಅದೇ ಲಂಟಾನ ಹೂ ಬಿಟ್ಟಿತ್ತು. ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಈ ಮುಂಡೇದು ಇಲ್ಲಿಗೂ ಬಂದದಲ್ಲ ಕೂಸೆ! ಬಾಡಿಗೆ ಕೊಡ್ತದಾ?"

ಅವತ್ತಿನ ಪುಟದಲ್ಲಿ ಹೀಗಿದೆ: ನಡೆದದ್ದು ಇನ್ನೂರು ಹೆಜ್ಜೆ, ಕೂತದ್ದು ಹದಿನಾಲ್ಕು ಸಲ, ನಕ್ಕದ್ದು ಲೆಕ್ಕವಿಲ್ಲ.

ಮೂವತ್ತನೇ ದಿನ ನಾನೇ ಅವಳ ರಕ್ತ ತೆಗೆದೆ. ಎಂಟು. ಎರಡು ಸಲ ಮಾಡಿ ನೋಡಿದರೂ ಎಂಟೇ. ಮೇಡಂ ಆಪರೇಷನ್ ಮುಂದಕ್ಕೆ ಹಾಕಿದರು. ಹೊಟ್ಟೆಯಲ್ಲಿ ಎಲ್ಲಾದರೂ ರಕ್ತ ಸೋರುತ್ತಿರಬಹುದು, ನೋಡಬೇಕು ಎಂದರು. ನನಗೆ ಹೆದರಿಕೆಯಾಯಿತು.

ಮರುದಿನ ಹುರುಳಿ ಡಬ್ಬ ತೆಗೆಯುವಾಗ ಅದರ ಹಿಂದೆ ದಾರ ಸುತ್ತಿದ ಕಟ್ಟೊಂದು ಸಿಕ್ಕಿತು. ಆರು ಮಾತ್ರೆ ಶೀಟು. ಒಂದೊಂದರಲ್ಲೂ ಏಳು ಖಾಲಿ, ಮೂರು ಹಾಗೇ ಇದ್ದವು. ಅರವತ್ತರಲ್ಲಿ ಹದಿನೆಂಟು ಅವಳ ಹೊಟ್ಟೆ ಸೇರಿರಲಿಲ್ಲ.

"ಏನಜ್ಜಿ ಇದು?"

"ಬುಟ್ಟಿರೋ ಪಾಲು," ಎಂದಳು, ಇದನ್ನೂ ಕೇಳಬೇಕಾ ಎನ್ನುವ ಹಾಗೆ. "ಪೂರಾ ಬಳ್ಕೊಂಡ್ರೆ ಮುಂದ್ಕ ಏನ್ ಹುಟ್ಟದು?"

ಗೆಣಸು ಅಗೆದರೆ ಬಳ್ಳಿಯ ಬುಡದ ಜೊತೆ ಒಂದು ತುಂಡನ್ನು ತಿರುಗಿ ಮಣ್ಣಿಗೆ ಹಾಕಿ ಮುಚ್ಚಬೇಕು. ಜೇನು ಕಿತ್ತರೆ ಒಂದು ಪಾಲು ಅಲ್ಲೇ ಬಿಡಬೇಕು. ಇದನ್ನು ನನಗೆ ಕಲಿಸಿದವಳು ಅವಳೇ. ಆದರೂ ಕೂಗಾಡಿದೆ. "ಇದು ಕಾಡಲ್ಲ ಅಜ್ಜಿ! ಫ್ಯಾಕ್ಟರೀಲಿ ಮಾಡ್ತಾರೆ ಇದನ್ನ!"

"ಫ್ಯಾಕ್ಟ್ರಿಗೆ ಕಬ್ಬಿಣ ಎಲ್ಲಿಂದ ಬತ್ತದ? ಮಣ್ಣಿಂದ ತಾನೆ?"

ಗಲಾಟೆ ಕೇಳಿ ಕೆಳಗಿನ ಮನೆಯ ಓನರ್ ಆಂಟಿ ಮೇಲೆ ಬಂದರು. ಅವರ ಮನೆಯವರು ಹಿಂದೆ ಇದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದವರು. ವಿಷಯ ಕೇಳಿ ಬಾಗಿಲಲ್ಲೇ ಕೂತುಬಿಟ್ಟರು.

"ಅಜ್ಜೀನ್ಯಾಕೆ ಬೈತೀಯಾ? ನಮ್ಮತ್ತೆನೂ ಕಣದಲ್ಲಿ ಕಡೇ ಬೊಗಸೆ ರಾಗಿ ಬಳೀತಿರ್ಲಿಲ್ಲ. ಹಕ್ಕಿಪಕ್ಕಿಗೆ ಅಂತ ಬಿಡೋರು. ಈಗ ಕಣಾನೇ ಇಲ್ಲ, ಬಿಡು." ಆಮೇಲೆ ಅಜ್ಜಿಯ ಕಡೆ ತಿರುಗಿ, "ಆದ್ರೂ ಅಜ್ಜಿ, ಹಕ್ಕಿ ಬಂದು ಮಾತ್ರೆ ತಿನ್ನುತ್ತಾ?" ಎಂದರು.

ಅಜ್ಜಿ ಯೋಚಿಸಿದಳು. "ಹಂಗಾರೆ ಇಲ್ಲಿ ಬುಟ್ಟಿದ್ದ ಎತ್ಕೊಳಕ್ಕೆ ಹಿಂದೆ ಬರೋರು ಯಾರು?"

ಆ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಎರಡು ದಿನ ಬೇಕಾಯಿತು. ಹತ್ತಿರದ ಆರೋಗ್ಯ ಕೇಂದ್ರದ ನರ್ಸ್ ಅಕ್ಕನನ್ನು ಕೇಳಿದೆ. ಒಡೆಯದ ಶೀಟು, ಬಿಲ್ಲಿನ ಸಮೇತ ಇದ್ದರೆ ಡಾಕ್ಟರಿಗೆ ತೋರಿಸಿ ಬಸುರಿಯರಿಗೆ ಕೊಡುತ್ತೇವೆ ಎಂದರು. ಅಲ್ಲಿಂದ ಮುಂದೆ ಪ್ರತಿ ಶನಿವಾರ ಅಜ್ಜಿ ಹೊಸ ಶೀಟೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡು, ನನ್ನ ತೋಳು ಹಿಡಿದು ಅಲ್ಲಿಗೆ ಹೋಗಿ ಕೊಡುತ್ತಿದ್ದಳು. ಬೆಂಚಿನ ಮೇಲಿದ್ದ ಬಸುರಿಯರ ಹೊಟ್ಟೆ ನೋಡಿ, "ಇದು ಗಂಡೇ ಕನವ್ವ" ಎಂದು ಕೇಳದಿದ್ದರೂ ಹೇಳುತ್ತಿದ್ದಳು. ನರ್ಸ್ ಅಕ್ಕ, "ಅಜ್ಜಿ, ಸುಮ್ನಿರಿ, ನಮ್ಮನ್ನ ಜೈಲಿಗೆ ಹಾಕಿಸ್ತೀರಾ" ಎಂದು ಗದರುತ್ತಿದ್ದರು. ಬಿಡಬೇಕಾದ ಪಾಲು ಸೇರಬೇಕಾದಲ್ಲಿಗೆ ಸೇರಿದ ಮೇಲೆ, ತನ್ನ ಶೀಟಿನ ಹತ್ತಕ್ಕೆ ಹತ್ತನ್ನೂ ಅಜ್ಜಿ ನುಂಗಿದಳು. ಈಗ ಖಾಲಿ ಶೀಟು ಎಣಿಸಿಯೇ ಗೀಟು ಹಾಕುತ್ತಿದ್ದೆ.

ಅರವತ್ತೆರಡನೇ ದಿನ ಹತ್ತು ಬಂತು. ನಾನು ಲ್ಯಾಬಿನ ಮೆಷಿನ್ ಮುಂದೆ ನಿಂತು ಅತ್ತೆ. ಅದನ್ನು ಡೈರಿಯಲ್ಲಿ ಬರೆದಿಲ್ಲ. ಅರವತ್ತೆಂಟನೇ ದಿನ ಆಪರೇಷನ್ ಆಯಿತು.

ಎಂಬತ್ತೊಂಬತ್ತನೇ ದಿನ ಸಂಜೆ ನಾನು ಕೆಲಸದಿಂದ ಬಂದಾಗ ಅಜ್ಜಿ ಕೆಳಗೆ ಆಂಟಿಯ ಜಗಲಿಯಲ್ಲಿ ಕೂತು ಹರಟುತ್ತಿದ್ದಳು. "ನಡಿ, ಹೊಟ್ಟೆ ಹಸೀತದ," ಎಂದು ಎದ್ದು ಮುಂದೆ ಹೊರಟಳು. ತೋಳು ಕೊಡಲು ಹೋದೆ, ತಳ್ಳಿದಳು. ಮೂವತ್ತನಾಲ್ಕು ಮೆಟ್ಟಿಲು. ನಾನು ಎಣಿಸುತ್ತಾ ಹಿಂದೆ ಹತ್ತಿದೆ. ಅವಳು ಎಲ್ಲೂ ಕೂರಲಿಲ್ಲ.