ಈಗ ಕಿವಿಯ ಹಿಂದೆ

ನನ್ನ ಅಣ್ಣ ಆಸ್ಪತ್ರೆಯಲ್ಲಿ ಕ್ಷೌರದ ಕೆಲಸ ಮಾಡುತ್ತಾನೆ. ಆಸ್ಪತ್ರೆಯಲ್ಲಿ ಅದೆಂಥ ಕೆಲಸ ಎಂದು ಕೇಳುವವರು ಪುಣ್ಯವಂತರು. ಅವರ ಮನೆಯಲ್ಲಿ ಯಾರಿಗೂ ದೊಡ್ಡ ಆಪರೇಷನ್ ಆಗಿಲ್ಲವೆಂದು ಅರ್ಥ. ಕೊಯ್ಯುವ ಜಾಗದಲ್ಲಿ ಕೂದಲಿರಬಾರದು. ಎದೆಯಾದರೆ ಎದೆ, ಹೊಟ್ಟೆಯಾದರೆ ಹೊಟ್ಟೆ, ತಲೆಯಾದರೆ ತಲೆ, ಹಿಂದಿನ ದಿನ ಅಣ್ಣ ಹೋಗಿ ನುಣ್ಣಗೆ ಮಾಡಿ ಬರಬೇಕು. ಚರ್ಮದ ಮೇಲೆ ಒಂದು ಗೀರು ಬಿದ್ದರೂ ಕೀವಾದೀತೆಂದು ಡಾಕ್ಟರು ಆಪರೇಷನ್ನನ್ನೇ ಮುಂದೆ ಹಾಕುತ್ತಾರೆ. ಅಣ್ಣನ ಕೈಯಿಂದ ಹಾಗೆ ಆದದ್ದಿಲ್ಲ.

ಕಷ್ಟ ಕತ್ತಿಯದಲ್ಲ, ಅವನ ಮುಂದೆ ಕೂರುವವರದು. ಮೈ ಕುರ್ಚಿಯಲ್ಲಿದ್ದರೂ ಜೀವ ಆಗಲೇ ಹೋಗಿ ನಾಳೆಯ ಮೇಜಿನ ಮೇಲೆ ಮಲಗಿರುತ್ತದೆ. ಹೆಗಲು ಕಿವಿಯವರೆಗೆ ಏರಿರುತ್ತದೆ, ಕತ್ತು ಮರಗಟ್ಟಿರುತ್ತದೆ. ಹಾಗೆ ಬಿಗಿದ ಚರ್ಮದ ಮೇಲೆ ಕತ್ತಿ ಓಡುವುದಿಲ್ಲ, ತೊಡರುತ್ತದೆ. ಅದಕ್ಕೇ ಅಣ್ಣ ಒಂದು ರೂಢಿ ಮಾಡಿಕೊಂಡ. ಕೈ ಎಲ್ಲಿದೆಯೋ ಅದನ್ನು ಬಾಯಲ್ಲಿ ಹೇಳುತ್ತಾ ಹೋಗುವುದು.

"ಈಗ ಹಣೆ ಮೇಲೆ ನೀರು. ಬೆಚ್ಚಗಿದೆಯಾ ಯಜಮಾನ್ರೇ? ಈಗ ನೊರೆ. ಈಗ ಕತ್ತಿ ಕಿವಿ ಹಿಂದೆ ಬಂತು. ಬರೀ ಕಿವಿ ಹಿಂದೆ, ಬೇರೆಲ್ಲೂ ಇಲ್ಲ."

ಕೇಳುತ್ತಾ ಕೇಳುತ್ತಾ ಅವರ ಜೀವ ನಾಳೆಯಿಂದ ಎದ್ದು ಬಂದು ಕಿವಿಯ ಹಿಂದೆ ಕೂರುತ್ತದೆ. ಹೆಗಲು ತಾನಾಗಿ ಇಳಿಯುತ್ತದೆ. ವಾರ್ಡಿನ ನರ್ಸುಗಳು ಅವನಿಗೆ ಈಗಪ್ಪ ಎಂದೇ ಹೆಸರಿಟ್ಟಿದ್ದಾರೆ. "ಕಿಟಕಿ ಪಕ್ಕದ ಹಾಸಿಗೆಯವರು ಅಳ್ತಿದ್ದಾರೆ, ಈಗಪ್ಪನ್ನ ಕರೀರಿ," ಎಂದು ಅವರು ಕೂಗುವುದು ಕೂದಲಿಗಾಗಿಯೇ ಎಂದೇನೂ ಅಲ್ಲ.

ಅತ್ತಿಗೆಗೆ ಇದೆಲ್ಲ ತಮಾಷೆ. "ಆಸ್ಪತ್ರೇಲಿ ದಿನವೆಲ್ಲ ಈಗ ಈಗ ಅಂತಾರೆ. ಮನೇಲಿ ಒಂದು ಬಲ್ಬ್ ಹಾಕಿ ಅಂದ್ರೆ ನಾಳೆ ಅಂತಾರೆ. ನಾಳೆ ಅಂದವನ ಮನೆ ಹಾಳು ಅಂತ ಗಾದೆ ಮಾಡಿದೋರು ಇವರನ್ನ ನೋಡಿಯೇ ಮಾಡಿರಬೇಕು."

ಅತ್ತಿಗೆಯದು ಅರಳು ಹುರಿದಂಥ ಮಾತು. ಮೆಟ್ಟಿಲು ಹತ್ತುವಾಗಲೇ ಶುರುವಾದರೆ ಒಳಗೆ ಬಂದು ಕೂತು ನೀರು ಕುಡಿದು ಮುಗಿಸುವವರೆಗೂ ನಡುವೆ ಒಂದು ಉಸಿರಿಗೆ ಮಾತ್ರ ಬಿಡುವು. ತರಕಾರಿಯವಳು, ಕೆಳಮನೆಯವರ ಬೆಕ್ಕು, ಯಾರದೋ ಮದುವೆ, ಎಲ್ಲವೂ ಒಂದೇ ದಾರದಲ್ಲಿ. ಅವಳು ಮಾತಾಡುತ್ತಾಳೆ, ಅಣ್ಣ ಹೂಂ ಎನ್ನುತ್ತಾನೆ. ಆ ಸಂಸಾರ ನಡೆದದ್ದೇ ಹಾಗೆ.

ಅಂಥವಳ ತಲೆಯಲ್ಲಿ ಗಡ್ಡೆ ಕಾಣಿಸಿತು. ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ. "ತೆಗೆಯಲೇಬೇಕು. ಜೀವಕ್ಕೆ ಭಯವಿಲ್ಲ ಅಂತಲೇ ಅಂದ್ಕೊಂಡಿದೀನಿ. ಆದರೆ ಅದು ಮಾತಿನ ಜಾಗದ ಪಕ್ಕದಲ್ಲೇ ಕೂತಿದೆ. ಮಾತು ಉಳಿಯಬಹುದು, ಹೋಗಬಹುದು. ತೆರೆದು ನೋಡದೆ ಹೇಳೋಕಾಗಲ್ಲ."

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ಕೋಣೆಯಲ್ಲಿ ಅತ್ತಿಗೆ, ಅವಳ ಮಗಳು, ನಾನು ಮೂವರೇ ಇದ್ದೆವು. ಅಣ್ಣ ಕ್ಷೌರದ ಸಾಮಾನು ತರಲು ಹೋಗಿದ್ದಾಗ ಅತ್ತಿಗೆ ಮಗಳಿಗೆ ಒಂದೊಂದಾಗಿ ಒಪ್ಪಿಸುತ್ತಿದ್ದಳು. ಕಂಬಳಿಗಳು ಯಾವ ಪೆಟ್ಟಿಗೆಯಲ್ಲಿವೆ, ಯಾವ ಅಂಗಡಿಯವನು ತೂಕದಲ್ಲಿ ಕೈಚಳಕ ತೋರಿಸುತ್ತಾನೆ, ಹಿಂಬಾಗಿಲ ಚಿಲಕ ಎತ್ತಿ ಎಳೆಯಬೇಕು. "ನಿಮ್ಮಪ್ಪಂಗೆ ಬಿಳಿ ಅಂಗಿ ಕೊಡಿಸಬೇಡ. ಒಂದೇ ಊಟಕ್ಕೆ ಭೂಪಟ ಮಾಡ್ಕೋತಾರೆ."

ಮಗಳು ಫೋನು ತೆಗೆದು ಮುಂದೆ ಹಿಡಿದಳು. "ಅಮ್ಮಾ, ಇದರಲ್ಲಿ ಮಾತಾಡು. ರೆಕಾರ್ಡ್ ಮಾಡಿಟ್ಕೋತೀನಿ."

"ಏನು ಮಾತಾಡ್ಲಿ?"

"ಏನಾದ್ರೂ. ನಿನ್ನ ದನಿ ಇದ್ರೆ ಸಾಕು."

ಅಷ್ಟು ಹೇಳಿದ್ದೇ ತಡ, ಹುಟ್ಟಿದಾಗಿನಿಂದ ಮಾತಿಗೆ ತಡವರಿಸದ ಅತ್ತಿಗೆ ಫೋನನ್ನು ನೋಡಿ ಬಾಯಿ ತೆರೆದಳು, ಮುಚ್ಚಿದಳು. ಇನ್ನೊಮ್ಮೆ ತೆರೆದಳು. ಕಣ್ಣು ತುಂಬಿತು. ಆಗಲೇ ಮಾತು ಹೋದಂತೆ ಕೂತುಬಿಟ್ಟಳು. ನಾನು ಗೋಡೆಗೊರಗಿ ಮನಸ್ಸಿನಲ್ಲೇ ಜಪ ಮಾಡುತ್ತಿದ್ದೆ. ಬೇರೇನು ಮಾಡಲಿ?

ಅಣ್ಣ ತಟ್ಟೆ ಹಿಡಿದು ಬಂದ. ಬೇರೆಯವನನ್ನು ಕಳಿಸುತ್ತೇವೆಂದು ನರ್ಸಮ್ಮ ಹೇಳಿದ್ದರು. ಅತ್ತಿಗೆ ಒಪ್ಪಿರಲಿಲ್ಲ. "ಊರಿಗೆಲ್ಲ ಮಾಡ್ತಾರೆ, ಮನೆಯವಳಿಗೆ ಮಾಡೋಕೇನು ಧಾಡಿ?"

ಜಡೆಯನ್ನು ಬುಡದಲ್ಲಿ ಕತ್ತರಿಸಿ ಅಣ್ಣ ಮಗಳ ಕೈಗೆ ಕೊಟ್ಟ. ನೀರು ಹಚ್ಚಿದ. ನೊರೆ ಹಚ್ಚಿದ. ಎಡಗಡೆಯಿಂದ ಶುರುಮಾಡಿದ.

"ಈಗ ಹಣೆ ಅಂಚು. ಈಗ ಕಿವಿ ಮುಂದೆ. ಈಗ..."

ಮುಂದಿನ ಮಾತು ಬರಲಿಲ್ಲ. ನೋಡಿದರೆ ಕತ್ತಿ ಕಿವಿಯ ಮೇಲೆ ಗಾಳಿಯಲ್ಲಿ ನಿಂತಿದೆ, ಅದರ ಅಲಗು ಸಣ್ಣಗೆ ನಡುಗುತ್ತಿದೆ. ಅವನು ಕತ್ತಿಯನ್ನು ತಟ್ಟೆಯಲ್ಲಿಟ್ಟ.

"ಇನ್ನೊಬ್ಬನ್ನ ಕರೆಸ್ತೀನಿ."

"ಯಾಕೆ?"

"ಕೈ ನಿಲ್ತಿಲ್ಲ."

ಅತ್ತಿಗೆ ತಲೆ ತಿರುಗಿಸಲಿಲ್ಲ. ಕತ್ತಿನ ಮೇಲೆ ನೊರೆ ಇಳಿಯುತ್ತಿತ್ತು. "ನೀವೀಗ ಎಲ್ಲಿದೀರಿ?" ಎಂದು ಕೇಳಿದಳು.

ಅಣ್ಣ ಸುಳ್ಳು ಹೇಳುವವನಲ್ಲ. "ಆಪರೇಷನ್ ಥಿಯೇಟರ್ ಬಾಗಿಲ ಹತ್ರ."

"ಅಲ್ಲಿ ಈಗ ಯಾರೂ ಇಲ್ಲ. ಬಾಗಿಲು ಹಾಕಿರ್ತಾರೆ. ಇಲ್ಲಿಗೆ ಬನ್ನಿ."

ಅವನು ಎರಡೂ ಕೈಗಳನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ, ಒರೆಸಿಕೊಂಡು, ಕತ್ತಿ ತೆಗೆದುಕೊಂಡ. "ಈಗ ಕಿವಿಯ ಹಿಂದೆ," ಎಂದ. ದನಿ ಮೆಲ್ಲಗಿತ್ತು. ಅತ್ತಿಗೆ "ಹೂಂ" ಎಂದಳು. "ಈಗ ಕತ್ತಿನ ಬುಡ." "ಹೂಂ." ಆ ಸಂಸಾರದಲ್ಲಿ ಅಣ್ಣ ಮಾತಾಡಿ ಅತ್ತಿಗೆ ಹೂಂ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನೆತ್ತಿಗೆ ಬರುವಾಗ ಅವನ ಕೈ ಮತ್ತೆ ನಿಂತಿತು. ಈ ಸಲ ನಡುಕದಿಂದಲ್ಲ.

"ಏ, ನಿನಗೆ ಎರಡು ಸುಳಿ ಇದೆಯಲ್ಲೇ."

"ಏನಂದ್ರಿ?"

"ಇಲ್ಲೊಂದು. ಅದರ ಮಗ್ಗುಲಲ್ಲೇ ಇನ್ನೊಂದು." ಬೆರಳಿನಿಂದ ಮುಟ್ಟಿ ತೋರಿಸಿದ. "ಇಷ್ಟು ವರ್ಷ ಕಣ್ಣಮುಂದೆ ಓಡಾಡಿದೀಯ, ನಾನು ನೋಡೇ ಇಲ್ಲ."

"ಎರಡು ಸುಳಿ ಇದ್ರೆ ಎರಡು ಮದುವೆ ಅಂತಾರೆ. ಮೊದಲೇ ಹೇಳಬಾರದಿತ್ತಾ? ಸುಮ್ನೆ ಒಂದರಲ್ಲೇ ಆಯಸ್ಸು ಕಳೆದೆ."

"ಇನ್ನೂ ಕಾಲ ಮಿಂಚಿಲ್ಲ."

"ತಲೆ ಬೋಳಿಸ್ಕೊಂಡವಳನ್ನ ಯಾರು ಕಣ್ಣೆತ್ತಿ ನೋಡ್ತಾರೆ?"

"ಬೋಳಿಸಿದವನೇ ನೋಡಿದ್ರೆ ಆಗಲ್ವಾ?"

ಅತ್ತಿಗೆ ನಕ್ಕಳು. ಕತ್ತಿ ದೂರ ತೆಗೆಯಿರಿ ಎಂದು ಕೈ ಮಾಡುತ್ತಾ, ನೊರೆ ಸೆರಗಿಗೆಲ್ಲ ಮೆತ್ತಿಕೊಳ್ಳುತ್ತಾ ನಕ್ಕಳು. ಅಣ್ಣನೂ ನಕ್ಕ. ಮಗಳು ಜಡೆಯನ್ನು ಮಡಿಲಲ್ಲಿಟ್ಟುಕೊಂಡು, ಅಳುತ್ತಿದ್ದವಳು ಅಳುತ್ತಲೇ ನಕ್ಕಳು. ಫೋನು ಹಾಸಿಗೆಯ ಮೇಲೆ ಬೋರಲು ಬಿದ್ದಿತ್ತು, ಯಾರಿಗೂ ಅದರ ನೆನಪಾಗಲಿಲ್ಲ. ನನ್ನ ಜಪ ಯಾವಾಗ ನಿಂತಿತೋ ತಿಳಿಯದು. ನಿಂತದ್ದಕ್ಕೆ ದೇವರು ಬೇಸರ ಮಾಡಿಕೊಂಡಿರಲಾರ.

ಮುಗಿದ ಮೇಲೆ ಅಣ್ಣ ಒದ್ದೆ ಬಟ್ಟೆಯಿಂದ ಒರೆಸಿದ. ಎಲ್ಲಿಯೂ ಒಂದು ಗೀರಿಲ್ಲ. ಕಿಟಕಿ ತೆರೆದಿತ್ತು. ಅತ್ತಿಗೆ ಇದ್ದಕ್ಕಿದ್ದಂತೆ ಅಲುಗಾಡದೆ ಕೂತಳು, ಯಾರೋ ಕರೆದಂತೆ.

"ರೀ, ತಲೆ ಮೇಲೆ ಗಾಳಿ ಆಡಿದ್ರೆ ಹೀಗಿರುತ್ತಾ? ಇಷ್ಟು ವರ್ಷ ಎಲ್ಲಾ ಗಾಳೀನೂ ಕೂದಲೇ ತಿಂದ್ಕೊಂಡುಬಿಟ್ಟಿತ್ತಲ್ರೀ. ನನ್ನವರೆಗೆ ಬರೋಕೇ ಬಿಟ್ಟಿಲ್ಲ."

ಕಣ್ಣು ಮುಚ್ಚಿ ಹಾಗೆಯೇ ಕೂತಿದ್ದಳು. ನಾಳೆ ಏನಾಗುವುದೋ ಎಂಬ ಭಯ ಆ ಕೋಣೆ ಬಿಟ್ಟು ಹೋಗಿರಲಿಲ್ಲ. ಆದರೆ ಅದಕ್ಕೆ ಕೂರಲು ಜಾಗವಿರಲಿಲ್ಲ.

ಗಡ್ಡೆ ತೆಗೆದರು. ಜೀವ ಉಳಿಯಿತು. ಎಚ್ಚರವಾದಳು, ನಮ್ಮನ್ನು ಗುರುತಿಸಿದಳು, ಹೇಳಿದ್ದು ಅರ್ಥವಾಗುತ್ತಿತ್ತು. ಮಾತು ಮಾತ್ರ ಇರಲಿಲ್ಲ. ತುಟಿ ಅಲುಗುತ್ತಿತ್ತು, ದನಿ ಬರುತ್ತಿತ್ತು, ಅದು ಪದವಾಗುತ್ತಿರಲಿಲ್ಲ. ಅಣ್ಣ ಬೆಳಿಗ್ಗೆ ವಾರ್ಡುಗಳಲ್ಲಿ ಕೆಲಸ ಮುಗಿಸಿ ಬಂದು ಪಕ್ಕದಲ್ಲಿ ಕೂತು, ಮನೆಯಲ್ಲಿ ಆಡದಷ್ಟು ಮಾತಾಡುತ್ತಿದ್ದ.

ಮರುವಾರ ಒಂದು ಬೆಳಿಗ್ಗೆ ಡಾಕ್ಟರಮ್ಮ ಬಂದು ಪೆನ್ನು ಎತ್ತಿ ಹಿಡಿದರು. "ಇದೇನು ಹೇಳಿ." ಅತ್ತಿಗೆ ಸುಮ್ಮನಿದ್ದಳು. ಗಡಿಯಾರ ತೋರಿಸಿದರು. ಅದಕ್ಕೂ ಇಲ್ಲ. ಮಗಳನ್ನು ಮುಂದೆ ನಿಲ್ಲಿಸಿದರು. "ಇವಳ ಹೆಸರು?" ಮಗಳು ತನ್ನ ಹೆಸರನ್ನು ತಾನೇ ತುಟಿಯಲ್ಲಿ ಆಡಿ ತೋರಿಸುತ್ತಿದ್ದಳು, ಮಗುವಿಗೆ ಹೇಳಿಕೊಟ್ಟಂತೆ. ಎಲ್ಲರ ಕಣ್ಣೂ ಅತ್ತಿಗೆಯ ಬಾಯಿಯ ಮೇಲೆ.

"ಬಿಸಿಲು," ಎಂದಳು ಅತ್ತಿಗೆ.

ಡಾಕ್ಟರಮ್ಮ ಬಗ್ಗಿದರು. "ಏನಂದ್ರಿ?"

"ಬಿಸಿಲು." ಈ ಸಲ ಸ್ವಲ್ಪ ಸಿಟ್ಟಿನಿಂದ, ಇಷ್ಟು ದೊಡ್ಡದು ಕಾಣಿಸುವುದಿಲ್ಲವೇ ಎನ್ನುವಂತೆ. ಮೆಲ್ಲಗೆ ಎಡಗೈ ಎತ್ತಿ ನಮ್ಮ ಹಿಂದೆ ತೋರಿಸಿದಳು.

"ಒಂದು ಬಂತಲ್ಲ. ಉಳಿದವು ದಾರಿ ಹುಡುಕ್ಕೊಂಡು ಬರುತ್ತವೆ," ಎಂದರು ಡಾಕ್ಟರಮ್ಮ.

"ನನ್ನ ಹೆಸರು ಬಿಟ್ಟು..." ಎಂದು ಮಗಳು ಶುರುಮಾಡಿದಳು. ಅಣ್ಣ ಅವಳ ಹೆಗಲು ಹಿಡಿದು ಮೆಲ್ಲಗೆ ಗೋಡೆಯ ಕಡೆ ತಿರುಗಿಸಿದ. ನಾವೆಲ್ಲ ತಿರುಗಿದೆವು. ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದ ನೀರಿನ ಗಾಜಿನ ಜಗ್ಗನ್ನು ಹಾದು ಬಂದ ಬಿಸಿಲು ಆ ಹಳೆಯ ಸುಣ್ಣದ ಗೋಡೆಯ ಮೇಲೆ ಬಿದ್ದು, ನೀರಿನ ಜೊತೆ ತಾನೂ ತುಳುಕುತ್ತಿತ್ತು. ಅದು ಎಷ್ಟು ಹೊತ್ತಿನಿಂದ ಅಲ್ಲಿತ್ತೋ ನಮಗೆ ತಿಳಿಯದು. ಜರುಗಿ ಜರುಗಿ ಅದು ಬಾಗಿಲ ಚೌಕಟ್ಟನ್ನು ದಾಟುವವರೆಗೂ, ಡಾಕ್ಟರಮ್ಮ ಕೂಡ ಪೆನ್ನು ಹಿಡಿದುಕೊಂಡು ನಿಂತೇ ಇದ್ದರು.