ಶನಿವಾರ ನೋಡಿ ಭಾನುವಾರ ಬೆಚ್ಚಿಬಿದ್ದದ್ದು

ಎದುರಿಗಿರುವವರು ನಿಜ ಹೇಳುತ್ತಿದ್ದಾರೋ ಸುಳ್ಳು ಹೇಳುತ್ತಿದ್ದಾರೋ ಎಂಬುದು ಮುಖ ನೋಡಿದ ಕೂಡಲೇ ನನಗೆ ತಿಳಿದುಬಿಡುತ್ತದೆ ಎಂಬ ಜಂಬ ನನಗೆ ಬಹಳ ಕಾಲ ಇತ್ತು. ಅದಕ್ಕೆ ಕಾರಣ ನನ್ನ ಉದ್ಯೋಗ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ನಡುವೆ ಓಡುವ ಒಂದು ಖಾಸಗಿ ಬಸ್ ಕಂಪನಿಯಲ್ಲಿ ನಾನು ಚೆಕಿಂಗ್ ಇನ್‌ಸ್ಪೆಕ್ಟರ್ ಆಗಿದ್ದೆ. ದಾರಿ ಮಧ್ಯೆ ಎಲ್ಲೋ ಒಂದು ಕಡೆ ಕೈ ಅಡ್ಡ ಹಿಡಿದು ಬಸ್ ಹತ್ತುವುದು, ಟಿಕೆಟ್ ತೋರಿಸಿ ಎನ್ನುವುದು, ಇಷ್ಟೇ ಕೆಲಸ. ಟಿಕೆಟ್ ಇಲ್ಲದವರನ್ನು ಗುರುತಿಸಲು ಟಿಕೆಟ್ ಕೇಳಲೇಬೇಕೆಂದಿಲ್ಲ. ನನ್ನ ತಲೆ ಬಾಗಿಲಲ್ಲಿ ಕಂಡ ತಕ್ಷಣ ಅವರಿಗೆ ಎಲ್ಲಿಲ್ಲದ ಪ್ರಕೃತಿಪ್ರೇಮ ಹುಟ್ಟುತ್ತದೆ. ಹುಟ್ಟಿದಾಗಿನಿಂದ ನೋಡಿದ ಅದೇ ಗುಡ್ಡವನ್ನು ಕಿಟಕಿಯಿಂದ ಕಣ್ಣು ಕೀಳದೆ ನೋಡತೊಡಗುತ್ತಾರೆ.

ವೇಷ ಮರೆಸಿಕೊಳ್ಳುವುದೂ ಆ ಕೆಲಸದಲ್ಲಿ ಸೇರಿತ್ತು. ಚೆಕಿಂಗ್ ಇದೆ ಎಂದು ಎದುರಿನಿಂದ ಬರುವ ಬಸ್ಸಿನ ಡ್ರೈವರ್ ಕೈಸನ್ನೆ ಮಾಡಿಬಿಟ್ಟರೆ ಮುಗಿಯಿತು, ನಾನು ಹತ್ತುವ ಬಸ್ಸಿನಲ್ಲಿ ಎಲ್ಲರ ಕೈಯಲ್ಲೂ ಹೊಚ್ಚ ಹೊಸ ಟಿಕೆಟ್ ಇರುತ್ತದೆ. ಆದ್ದರಿಂದ ಅಂಗಡಿಯ ಹಿಂದೆಯೋ ಮರದ ಮರೆಯಲ್ಲೋ ನಿಂತು ಕಾಯಬೇಕು. ಒಮ್ಮೆ ಹರಿಹರಪುರದಲ್ಲಿ ನಾನು ಶಾಲು ಹೊದ್ದು, ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದು, ಯಾರೋ ಪರವೂರಿನವನ ಹಾಗೆ ನಿಂತಿದ್ದೆ. ಒಬ್ಬರು ಅಜ್ಜಿ ಹತ್ತಿರ ಬಂದು ಕೊಡೆಯನ್ನು ಎತ್ತಿ ನೋಡಿ, "ಇದೆಂತಕ್ಕೆ ಹೀಂಗೆ ಅಡಗಿ ನಿಂತಿದ್ದು ಮಾರಾಯ್ರೇ, ಇವತ್ತು ಚೆಕಿಂಗಾ?" ಎಂದು ಇಡೀ ಬಸ್ ಸ್ಟ್ಯಾಂಡಿಗೆ ಕೇಳುವಂತೆ ವಿಚಾರಿಸಿದರು. ನಾನು ವೇಷದಲ್ಲಿದ್ದೇನೆ ಎಂದು ನಂಬಿದ್ದವನು ಆ ಊರಿನಲ್ಲಿ ನಾನೊಬ್ಬನೇ.

ಮುಖ ಓದುವ ನನ್ನ ವಿದ್ಯೆಯೆಲ್ಲ ಒಂದು ಟೀವಿ ಧಾರಾವಾಹಿಯ ಎದುರು ಮಣ್ಣುಪಾಲಾಯಿತು. ಎರಡು ಸಾವಿರದ ಮೂರೋ ನಾಲ್ಕೋ ಇಸವಿ ಇರಬೇಕು. ಶನಿವಾರ ಸಂಜೆ ಏಳೂವರೆಗೆ ಬರುತ್ತಿದ್ದ ಪತ್ತೇದಾರಿ ಕಥೆ ಅದು. ಒಬ್ಬ ಪೊಲೀಸ್ ಅಧಿಕಾರಿ ಕಳ್ಳಸಾಗಣೆಯ ಗುಂಪೊಂದರ ಬೆನ್ನು ಹತ್ತಿದ್ದಾನೆ. ಗುಂಪಿನ ಯಜಮಾನ ಯಾರೆಂದು ಕಂಡವರಿಲ್ಲ. ನಮಗೆ ತೋರಿಸುತ್ತಿದ್ದುದು ಕಪ್ಪು ಕೈಗವಸು ತೊಟ್ಟ ಒಂದು ಕೈಯನ್ನು ಮಾತ್ರ. ಅದು ಫೋನ್ ಎತ್ತುತ್ತದೆ, ಫೋನ್ ಇಡುತ್ತದೆ, ಯಾರೋ ಒಬ್ಬರು ಸಾಯುತ್ತಾರೆ. ಅಧಿಕಾರಿ ಮನೆಯಲ್ಲಿ ಆಡಿದ ಮಾತು ಮರುದಿನವೇ ಆ ಕೈಗೆ ತಲುಪುತ್ತದೆ ಎಂದ ಮೇಲೆ ದ್ರೋಹಿ ಹತ್ತಿರದವರಲ್ಲೇ ಇರಬೇಕು. ಪ್ರಾಣಸ್ನೇಹಿತನಾದ ಡಾಕ್ಟರ್ ಇದ್ದ, ಸದಾ ಬೆವರು ಒರೆಸಿಕೊಳ್ಳುವ ಕಾನ್ಸ್‌ಟೇಬಲ್ ಇದ್ದ, ಪಕ್ಕದ ಮನೆಯ ಸಂಗೀತದ ಮೇಷ್ಟ್ರು ಇದ್ದರು. ತಾಯಿಯಿಲ್ಲದ ಅಧಿಕಾರಿಯನ್ನು ಸಾಕಿ ಬೆಳೆಸಿದ ಅಕ್ಕನೂ ಒಬ್ಬಳಿದ್ದಳು. ಅವಳು ಪ್ರತಿ ವಾರ ತಟ್ಟೆ ಇಟ್ಟು ಬಡಿಸುತ್ತಿದ್ದಳು.

ನಾನು ಮೊದಲು ಡಾಕ್ಟರನನ್ನು ಹಿಡಿದೆ. ಡಾಕ್ಟರ್ ಗುಂಡೇಟು ತಿಂದ ಮೇಲೆ ಕಾನ್ಸ್‌ಟೇಬಲ್‌ಗೆ ಹೋದೆ. ಅವನು ಎಂಟನೇ ವಾರ ಸತ್ತ. ನನ್ನ ಹೆಂಡತಿ ಗಿರಿಜ, "ನೀವು ಹೆಸ್ರು ಹೇಳಿದವ್ರನ್ನ ಬಿಟ್ಟು ಉಳಿದವ್ರಲ್ಲಿ ಹುಡುಕಿದ್ರೆ ಆಯ್ತು" ಎಂದು ನಗುತ್ತಿದ್ದಳು. ಅವಳದ್ದು ಒಂದೇ ಪಟ್ಟು. "ಯಾರು ಬೇಕಾರೂ ಆಗ್ಲಿ, ಅಕ್ಕ ಮಾತ್ರ ಅಲ್ಲ." ಗಿರಿಜ ತನ್ನ ಹದಿನಾಲ್ಕನೇ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡು ಇಬ್ಬರು ತಮ್ಮಂದಿರನ್ನು ಸಾಕಿದವಳು. ಟೀವಿಯ ಅಕ್ಕನ ಮೇಲೆ ಯಾರಾದರೂ ಅನುಮಾನಪಟ್ಟರೆ ತನ್ನ ಮೇಲೇ ಪಟ್ಟ ಹಾಗೆ ಸಿಟ್ಟಾಗುತ್ತಿದ್ದಳು.

ಆಗ ನಮಗೆ ಮದುವೆಯಾಗಿ ಹದಿನಾರು ವರ್ಷ. ಗ್ಯಾಸ್ ಬಂತಾ, ನಲ್ಲಿ ನೀರು ಬಿಟ್ಟರಾ, ನಾಳೆ ಯಾವ ರೂಟು, ಈ ಮೂರು ಪ್ರಶ್ನೆಗಳಲ್ಲಿ ನಮ್ಮ ಸಂಸಾರದ ಸಂಭಾಷಣೆ ಮುಗಿಯುತ್ತಿತ್ತು. ಈ ಧಾರಾವಾಹಿ ಬಂದ ಮೇಲೆ ವಾರವಿಡೀ ಮಾತು. ದೋಸೆ ಮಗುಚುತ್ತಾ ಇದ್ದವಳು ಒಮ್ಮೆಲೇ ತಿರುಗಿ, "ಅಲ್ಲ, ಆ ಮೇಷ್ಟ್ರು ತಂಬೂರಿ ಬಾರಿಸೋದು ಎಡಗೈಯಲ್ಲಿ, ಕೈಗವಸು ಬಲಗೈಯದ್ದಲ್ವ?" ಎನ್ನುತ್ತಿದ್ದಳು. ಅವಳಿಗೆ ಇಷ್ಟು ಚುರುಕು ಬುದ್ಧಿ ಇದೆ ಎಂದು ಹದಿನಾರು ವರ್ಷ ನನಗೆ ಗೊತ್ತಾಗಿರಲಿಲ್ಲ. ನನಗೆ ಆ ದಿನಗಳು ಬಹಳ ಹಿಡಿಸಿದ್ದವು.

ಒಂದು ಸಂಗತಿ ಮಾತ್ರ ನನಗೆ ಇವತ್ತಿಗೂ ಕುತೂಹಲ. ಹಾಲಿನವನು ಒಂದು ಲೋಟ ನೀರು ಬೆರೆಸಿದರೆ ಬೀದಿಗೆ ಕೇಳುವಂತೆ ರಂಪ ಮಾಡುವ ನಾವು, ಟೀವಿಯವರು ಮೂವತ್ತು ವಾರ ಒಂದೇ ಸಮನೆ ಮೋಸ ಮಾಡಿದರೆ ಭೇಷ್ ಎನ್ನುತ್ತೇವೆ. ಕೊನೆಗೆ ಮೋಸ ಬಯಲಾದಾಗ "ನಂಗೆ ಮೊದ್ಲೇ ಗೊತ್ತಿತ್ತು" ಎನ್ನುವವನನ್ನು ಕಂಡರೆ ಯಾರಿಗೂ ಆಗುವುದಿಲ್ಲ. ಮೋಸ ಹೋಗಲಾರದವನು ಒಳ್ಳೆಯ ಜೊತೆಗಾರನಲ್ಲ ಎಂದು ತೋರುತ್ತದೆ.

ಆ ಬೇಸಿಗೆಯಲ್ಲಿ ನಮ್ಮ ಕೊಪ್ಪಕ್ಕೆ ಶನಿವಾರ ಸಂಜೆ ಕರೆಂಟ್ ತೆಗೆಯುವ ಸರದಿ ಬಂತು. ಪುಣ್ಯಕ್ಕೆ ಅದೇ ಕಂತು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಮರುಪ್ರಸಾರವಾಗುತ್ತಿತ್ತು. ಕೊಪ್ಪದಲ್ಲಿ ಕರೆಂಟ್ ಹೋದ ಹೊತ್ತಿಗೆ ನರಸಿಂಹರಾಜಪುರದಲ್ಲಿ ಇರುತ್ತದೆ, ಶೃಂಗೇರಿಯಲ್ಲಿ ಇರುತ್ತದೆ, ನಾನಾದರೋ ಊರೂರು ತಿರುಗುವವನು. ಗಿರಿಜ ನನ್ನನ್ನು ಕೂರಿಸಿ ಮಾತು ತೆಗೆದುಕೊಂಡಳು. "ಎಲ್ಲಾದ್ರೂ ಟೀವಿ ಕಂಡ್ರೆ ಮುಖ ಆಚೆ ಮಾಡ್ಬೇಕು. ನೀವು ಮೊದ್ಲೇ ನೋಡ್ಕಂಡು ಬಂದ್ರೆ ನಂಗೆ ಅದ್ರಲ್ಲಿ ಎಂತ ಉಳೀತು? ಒಟ್ಟಿಗೇ ನೋಡ್ಬೇಕು." ನಾನು ಆಯಿತು ಎಂದೆ. ಐದು ಶನಿವಾರ ಮಾತು ಉಳಿಸಿಕೊಂಡೆ.

ಆರನೆಯ ಶನಿವಾರ ಕೈಗವಸು ಕಳಚುತ್ತದೆ ಎಂದು ಟೀವಿಯಲ್ಲಿ ವಾರವಿಡೀ ಸಾರಿದ್ದರು. ಅವತ್ತು ಸಂಜೆ ನಾನು ನರಸಿಂಹರಾಜಪುರದ ಬಸ್ ಸ್ಟ್ಯಾಂಡಿನಲ್ಲಿ ಕೊಪ್ಪದ ಬಸ್ಸಿಗೆ ಕಾಯುತ್ತಿದ್ದೆ. ಬಸ್ಸಿಗೆ ಇನ್ನೂ ಸಮಯವಿತ್ತು. ಚಪ್ಪಲಿಯ ಉಂಗುಷ್ಟ ಕಿತ್ತುಹೋಗಿತ್ತು. ಇದು ಸುಳ್ಳಲ್ಲ, ನಿಜವಾಗಿಯೂ ಕಿತ್ತುಹೋಗಿತ್ತು. ಹತ್ತಿರದಲ್ಲೇ ಅಬ್ಬಾಸರ ಚಪ್ಪಲಿ ಅಂಗಡಿ. ಅಂಗಡಿಯಲ್ಲಿ ಟೀವಿ ಇದೆ ಎಂಬುದು ನನಗೆ ಗೊತ್ತಿತ್ತೇ ಎಂದು ನೀವು ಕೇಳಬಹುದು. ಗೊತ್ತಿತ್ತು.

"ಬನ್ನಿ ಸಾರ್, ಕೂತ್ಕಳಿ. ಸರಿಯಾದ ಟೈಮಿಗೆ ಬಂದ್ರಿ. ಇವತ್ತು ಕೈಗವಸು ತೆಗೀತಾರೆ" ಎಂದರು ಅಬ್ಬಾಸ್.

"ನಾನು ಚಪ್ಪಲಿಗೆ ಬಂದಿದ್ದು ಮಾರಾಯ್ರೇ" ಎಂದು ಮುಖ ಆಚೆ ಮಾಡಿದೆ. ಆಚೆ ಮಾಡಿದ ಕಡೆ ದೊಡ್ಡ ಕನ್ನಡಿ ಇತ್ತು, ಕನ್ನಡಿಯಲ್ಲಿ ಟೀವಿ ಕಾಣುತ್ತಿತ್ತು. ಕನ್ನಡಿಯಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ ಎಂದು ಒಂದೈದು ನಿಮಿಷ ವಾದ ಹೂಡಿಕೊಂಡೆ. ಆಮೇಲೆ ಕುತ್ತಿಗೆ ನೋಯುತ್ತದೆಂದು ನೇರವಾಗಿ ತಿರುಗಿ ಕುಳಿತೆ. ಅಬ್ಬಾಸ್ ನನ್ನ ಕಾಲಿಗೆ ಏನು ತೊಡಿಸಿದರೋ, ನಾನು ಏನು ಒಪ್ಪಿದೆನೋ ದೇವರಿಗೇ ಗೊತ್ತು. ಕೈಗವಸು ಮೆಲ್ಲಗೆ ಕಳಚಿತು. ಒಳಗಿನಿಂದ ಬಂದದ್ದು ಬಳೆ ತೊಟ್ಟ ಕೈ. ಪ್ರತಿ ವಾರ ಅನ್ನ ಬಡಿಸುತ್ತಿದ್ದ ಕೈ.

ಬಸ್ಸಿನಲ್ಲಿ ಕುಳಿತ ಮೇಲೆ ಮೊದಲ ಹತ್ತು ನಿಮಿಷ, ಕೊಪ್ಪದಲ್ಲಿ ಯಾರಿಗೂ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಎಂಬ ಖುಷಿ. ಆಮೇಲೆ ಎರಡು ಚಿಂತೆ ಹತ್ತಿಕೊಂಡವು. ಮಾತು ಮುರಿದದ್ದು ಒಂದು. ನಾಳೆ ಹನ್ನೊಂದು ಗಂಟೆಗೆ ಗಿರಿಜ ನಂಬಿದ ಟೀವಿಯ ಅಕ್ಕ ಅವಳ ಕಣ್ಣೆದುರೇ ದ್ರೋಹಿಯಾಗಲಿದ್ದಾಳೆ ಎಂಬುದು ಇನ್ನೊಂದು. ಅದನ್ನು ತಡೆಯಲು ನನ್ನಿಂದಾಗದು, ಹೇಳಲೂ ಆಗದು.

ಮನೆಗೆ ಬಂದಾಗ ಅವಳು ಕೇಳಿದ್ದು ಒಂದೇ ಮಾತು. "ನೋಡ್ಲಿಲ್ಲ ತಾನೇ?"

"ಎಲ್ಲಿ ಮಾರಾಯ್ತಿ, ಬಸ್ಸಿಂದ ಬಸ್ಸಿಗೆ ಹತ್ತಿ ಇಳಿಯೋದ್ರಲ್ಲೇ ಆಯ್ತು" ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಸುಳ್ಳಿಗೆ ಒಗ್ಗರಣೆ ಹಾಕದಿದ್ದರೆ ಸಮಾಧಾನವಿಲ್ಲ. "ನಂಗೆ ಆ ಮೇಷ್ಟ್ರ ಮೇಲೇ ಡೌಟು" ಎಂದು ಸೇರಿಸಿದೆ. ಅವಳು ನನ್ನ ಹೊಸ ಚಪ್ಪಲಿ ನೋಡಿ, "ಇದು ದೊಡ್ಡದಾಯ್ತಲ್ಲ" ಎಂದಳು. "ಇದ್ದದ್ದು ಅದೇ ನಂಬರು" ಎಂದೆ. ಒಂದರ ಹಿಂದೆ ಒಂದು ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು.

ಭಾನುವಾರ ಟೀವಿಯ ಎದುರು ಕುಳಿತಾಗ ನನಗೆ ನಮ್ಮ ಕಡೆಯ ಯಕ್ಷಗಾನದ ಆಟ ನೆನಪಾಯಿತು. ಆಟದಲ್ಲಿ ರಾಕ್ಷಸ ಸನ್ಯಾಸಿಯ ವೇಷ ಹಾಕಿ ಬಂದರೆ ಕೆಳಗೆ ಕುಳಿತವರಿಗೆಲ್ಲ ಅವನು ಯಾರೆಂದು ಗೊತ್ತು, ತೊಡೆಯ ಮೇಲಿನ ಕೂಸಿಗೂ ಗೊತ್ತು. ಗೊತ್ತಿಲ್ಲದಿರುವುದು ರಂಗದ ಮೇಲಿನ ಆ ಸಾಧ್ವಿಗೆ ಮಾತ್ರ. ಆದ್ದರಿಂದ ನಾವು ರಾಕ್ಷಸನನ್ನು ನೋಡುವುದಿಲ್ಲ, ಅವಳನ್ನು ನೋಡುತ್ತೇವೆ. ಅಯ್ಯೋ, ಬಾಗಿಲು ತೆರೆದಳಲ್ಲ, ಭಿಕ್ಷೆ ತಂದಳಲ್ಲ ಎಂದು ಜೀವ ಬಾಯಿಗೆ ಬರುತ್ತದೆ. ಟೀವಿಯ ಕಥೆಯಲ್ಲಿ ಇದು ತಲೆಕೆಳಗು. ರಾಕ್ಷಸ ಯಾರೆಂಬುದು ಬಿಟ್ಟು ಬೇರೇನನ್ನೂ ನೋಡಲು ಅವರು ನಮ್ಮನ್ನು ಬಿಡುವುದಿಲ್ಲ. ಅವತ್ತು ನಾನು ಮಾತ್ರ ಟೀವಿಯ ಮುಂದೆ ಕುಳಿತೇ ಆಟ ನೋಡುವವನಾಗಿದ್ದೆ.

ಗಿರಿಜ ಸೊಪ್ಪು ಬಿಡಿಸುತ್ತಾ ಕುಳಿತಿದ್ದಳು. ಕೈಗವಸು ಅರ್ಧ ಕಳಚುವಾಗ ಅವಳ ಕೈ ನಿಂತಿತು. ಬಳೆ ಕಂಡಾಗ ಹುಬ್ಬು ಸ್ವಲ್ಪ ಮೇಲೆ ಹೋಯಿತು. ಕಿರುಚುತ್ತಾಳೆ, ಟೀವಿಯವರಿಗೆ ಬೈಯುತ್ತಾಳೆ, ಅತ್ತರೂ ಅತ್ತಳು ಎಂದು ನಾನು ಸಿದ್ಧವಾಗಿದ್ದೆ. ಅವಳು ಮತ್ತೆ ಸೊಪ್ಪಿಗೆ ಕೈ ಹಾಕಿದಳು. ನಾನು ಹೊತ್ತು ಮೀರಿದ ಮೇಲೆ ನೆನಪಾಗಿ "ಅಯ್ಯಯ್ಯೋ!" ಎಂದು ಬೆಚ್ಚಿಬಿದ್ದೆ.

"ಪಾಪ" ಎಂದಳು ಗಿರಿಜ. "ಮೂವತ್ತು ವಾರ ಬಡಿಸಿದ್ಲು. ನಿಂದು ಊಟ ಆಯ್ತಾ ಅಂತ ಒಬ್ರಾದ್ರೂ ಕೇಳಿದ್ರಾ ಅವ್ಳನ್ನ?"

ನಾನು ಯೋಚಿಸಿ ನೋಡಿದೆ. ಯಾರೂ ಕೇಳಿರಲಿಲ್ಲ. ಡಾಕ್ಟರ್, ಕಾನ್ಸ್‌ಟೇಬಲ್, ಮೇಷ್ಟ್ರು ಎಂದು ಹುಡುಕಿದ ನಾನೂ ಅವಳನ್ನು ಸರಿಯಾಗಿ ನೋಡಿರಲಿಲ್ಲ.

ಅವಳು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಏಳುತ್ತಾ, "ನೀವು ನಿನ್ನೆನೇ ನೋಡ್ಕಂಡು ಬಂದಿದ್ರಿ" ಎಂದಳು. ಕೇಳಿದ್ದಲ್ಲ, ಹೇಳಿದ್ದು.

"ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ಅರ್ಧ ಗಂಟೆ ನೀವು ಟೀವಿ ಕಡೆ ತಿರುಗ್ಲೇ ಇಲ್ಲ. ನನ್ನ ಮುಖನೇ ನೋಡ್ತಿದ್ರಿ. ಮದುವೆ ದಿನ ಸೈತ ಅಷ್ಟು ನೋಡ್ಲಿಲ್ಲ."

ನಾನು ಅಬ್ಬಾಸರ ಅಂಗಡಿಯ ಕನ್ನಡಿಯಿಂದ ಹಿಡಿದು ಎಲ್ಲವನ್ನೂ ಒಪ್ಪಿಕೊಂಡೆ. ಅವಳು ಪೂರ್ತಿ ಕೇಳಿಸಿಕೊಂಡಳು. "ನೋಡಿದ್ದಕ್ಕೆ ಬೇಜಾರಿಲ್ಲ. ನಿನ್ನೆ ಬಂದು ಎಷ್ಟು ಚಂದ ಆ್ಯಕ್ಟ್ ಮಾಡಿದ್ರಿ! ನಂಗೆ ಚೂರೂ ಗೊತ್ತಾಗ್ಲಿಲ್ಲ. ಇಷ್ಟು ವರ್ಷ ಇನ್ನೆಷ್ಟು ಸಲ ಮಾಡಿದ್ದೀರೋ ಅಂತ ಯೋಚನೆ."

ಇಲ್ಲ ಎಂದು ಆಣೆ ಮಾಡಿದೆ. ಆದರೆ ಇಲ್ಲದ್ದನ್ನು ಇಲ್ಲ ಎಂದು ತೋರಿಸುವುದು ಹೇಗೆ? ಆ ವಾರ ಮನೆಯಲ್ಲಿ ಮತ್ತೆ ಗ್ಯಾಸು, ನೀರು, ರೂಟು ಮಾತ್ರ. ದೋಸೆ ಮಗುಚುವಾಗ ಅವಳು ತಿರುಗಲಿಲ್ಲ. ಒಂದು ಧಾರಾವಾಹಿಯ ಒಂದು ಕಂತು ನನಗೆ ಇಷ್ಟು ದುಬಾರಿಯಾಗುತ್ತದೆಂದು ನಾನು ಎಣಿಸಿರಲಿಲ್ಲ. ನನಗೆ ನಿಜಕ್ಕೂ ಭಯವಾಯಿತು.

ಮುಂದಿನ ಶನಿವಾರ ಕೊನೆಯ ಕಂತು. ಅವತ್ತು ಗಿರಿಜ ಹೇಳದೆ ಕೇಳದೆ ಶೃಂಗೇರಿಯ ತಮ್ಮನ ಮನೆಗೆ ಹೊರಟುಹೋದಳು. ಭಾನುವಾರ ಮೊದಲ ಬಸ್ಸಿಗೇ ಬಂದಳು. ನಾನು ಅಂಜುತ್ತಾ, "ನೋಡಿದ್ಯಾ?" ಎಂದೆ.

"ಎಲ್ಲಿ ಮಾರಾಯ್ರೇ, ತಮ್ಮನ ಮಕ್ಕಳತ್ರ ಮಾತಾಡೋದ್ರಲ್ಲೇ ಆಯ್ತು" ಎಂದಳು. ನಾನು ಅವಳ ಮುಖವನ್ನು ಮೇಲಿಂದ ಕೆಳಗೆ ನೋಡಿದೆ. ಏನೂ ಸಿಗಲಿಲ್ಲ.

ಹನ್ನೊಂದು ಗಂಟೆಗೆ ಟೀವಿ ಹಾಕಿ, ಕುರ್ಚಿಯನ್ನು ಎಳೆದು, ಟೀವಿಗೆ ಬೆನ್ನು ಹಾಕಿ ನನ್ನ ಎದುರಿಗೇ ಕುಳಿತಳು. "ನೀವು ನೋಡಿ" ಎಂದಳು. ಅರ್ಧ ಗಂಟೆ ಅವಳು ಕಣ್ಣು ತೆಗೆಯಲಿಲ್ಲ. ಗುಂಡಿನ ಸದ್ದು ಬರುವ ಮೊದಲೇ ಅವಳ ತುಟಿ ಕೊಂಕುತ್ತಿತ್ತು, ನಾನು ಬೆಚ್ಚಿದರೆ ನಗುತ್ತಿದ್ದಳು, ಬೆಚ್ಚದಿದ್ದರೆ ಇನ್ನೂ ಜೋರಾಗಿ ನಗುತ್ತಿದ್ದಳು. ಕೈ ಎಲ್ಲಿಡಬೇಕು, ಮುಖ ಹೇಗಿಟ್ಟುಕೊಳ್ಳಬೇಕು ಎಂದು ತಿಳಿಯದೆ ನಾನು ಕಿಟಕಿಯ ಕಡೆಗೂ ಒಮ್ಮೆ ನೋಡಿದೆ. ಆಮೇಲೆ ನಾನೂ ಅವಳನ್ನೇ ನೋಡತೊಡಗಿದೆ.

ಆ ಅಕ್ಕ ಕೊನೆಗೆ ಸಿಕ್ಕಿಬಿದ್ದಳೋ, ತಮ್ಮನೇ ಬಿಟ್ಟುಕೊಟ್ಟನೋ ನನಗೆ ಇವತ್ತಿಗೂ ಗೊತ್ತಿಲ್ಲ. ವರ್ಷಕ್ಕೊಮ್ಮೆಯಾದರೂ ಗಿರಿಜಳನ್ನು ಕೇಳುತ್ತೇನೆ. "ನೀವೂ ನೋಡಿದ್ರಲ್ಲ ಮಾರಾಯ್ರೇ" ಎನ್ನುತ್ತಾಳೆ.